ಗೋಡೆಯೊಳಗೆ ಹೋಗುವ ಸಾಮಾನು ಎಲ್ಲಿ ಕೊಳ್ಳಬೇಕು? ಒಂದು ಬಾತ್‌ರೂಮ್ ರಿಪೇರಿಯ ಪ್ರಕರಣ

ಅಕ್ಕನ ಮನೆಯ ಬಾತ್‌ರೂಮ್ ಒಡೆಯಬೇಕಾಗಿ ಬಂದದ್ದು ಒಂದು ಕಾರ್ಟ್ರಿಡ್ಜ್, ಅಂದರೆ ನಲ್ಲಿಯೊಳಗೆ ಕೂತು ನೀರು ಬಿಡುವ, ನಿಲ್ಲಿಸುವ ಸಣ್ಣ ಬಿಡಿಭಾಗ, ಸಿಗದೆ. ಶವರಿಗೂ ಕೆಳಗಿನ ನಲ್ಲಿಗೂ ನೀರು ಹಂಚುವ ಡೈವರ್ಟರ್ ಗೋಡೆಯೊಳಗೆ ಕೂತಿತ್ತು. 11 ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹಿಡಿಯನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ನೀರು ಜಿನುಗತೊಡಗಿತು. ಒಳಗಿನ ಕಾರ್ಟ್ರಿಡ್ಜ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಆ ಮಾದರಿ ನಿಂತುಹೋಗಿತ್ತು, ಕೊಂಡ ಅಂಗಡಿಯೂ ಮುಚ್ಚಿತ್ತು. ಬೇರೆ ಬೇರೆ ಕಂಪನಿಯ ಮೂರು ಕಾರ್ಟ್ರಿಡ್ಜ್ ತಂದು ಹಾಕಿ ನೋಡಿದೆವು. ಒಂದರ ಬುಡ ದಪ್ಪ. ಇನ್ನೊಂದರ ತೂತುಗಳು ಕೂಡಲಿಲ್ಲ. ಮೂರನೆಯದು ಕೂತಿತು, ಆದರೆ ಹಳೆಯ ಹಿಡಿ ಅದಕ್ಕೆ ಹತ್ತಲಿಲ್ಲ. ಕೊನೆಗೆ ಟೈಲ್ಸ್ ಒಡೆಯದೆ ಬೇರೆ ದಾರಿ ಉಳಿಯಲಿಲ್ಲ.

ಹೇಗೂ ಒಡೀತಾ ಇದ್ದೇವೆ, ಪೂರ್ತಿ ಹೊಸದಾಗಿ ಮಾಡಿಸೋಣ ಎಂದು ಅಕ್ಕ, ಭಾವ ನಿರ್ಧರಿಸಿದರು. ಜೊತೆಗೆ ಅಡುಗೆಮನೆ ಸಿಂಕಿನ ನಲ್ಲಿಯೂ ಸೇರಿಕೊಂಡಿತು. ನಾನು ಮನೆ ರಿಪೇರಿ ಕೆಲಸಗಳ ಉಸ್ತುವಾರಿ ನೋಡಿಕೊಳ್ಳುವವನು. ಅಕ್ಕ ನನ್ನನ್ನು ಕೇಳಿದ್ದು ಒಂದೇ ಮಾತು. “ಸಾಮಾನು ಎಲ್ಲಿ ತಗೊಳ್ಳೋದು ಹೇಳು. ಇನ್ನೊಂದು ಸಲ ಗೋಡೆ ಒಡೆಯೋ ಹಾಗೆ ಆಗ್ಬಾರ್ದು.”

ಅವಳ ಮುಂದೆ ನಾಲ್ಕು ದಾರಿ ಇತ್ತು. ಕಂಪನಿಯ ಶೋರೂಮ್. ಪ್ಲಂಬರ್‌ಗಳು ದಿನಾ ಹೋಗಿ ಸಾಮಾನು ತರುವ ಸ್ಯಾನಿಟರಿ ಅಂಗಡಿ. ಆನ್‌ಲೈನ್. ಇಲ್ಲವೇ ಎಲ್ಲವನ್ನೂ ಪ್ಲಂಬರಿಗೇ ವಹಿಸಿಬಿಡುವುದು. ಈ ನಾಲ್ಕರಲ್ಲಿ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಯೇ ಸರಿಯಿಲ್ಲ ಅನ್ನುವುದು ನನ್ನ ಅನುಭವ. ಮೊದಲು ಕೇಳಬೇಕಾದದ್ದು, ಯಾವ ಸಾಮಾನನ್ನು ಬಿಚ್ಚುವುದು ಎಷ್ಟು ಕಷ್ಟ ಅಂತ. ಅದು ಗೊತ್ತಾದರೆ ಯಾವ ಅಂಗಡಿ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಅಂಗಡಿಗೆ ಮೊದಲು ಟೇಪು, ಬಕೆಟ್ಟು

ಅಕ್ಕನಿಗೆ ಅವತ್ತೇ ಶೋರೂಮಿಗೆ ಹೋಗುವ ಆಸೆ. ನಾನು ಒಂದು ದಿನ ತಡೆದೆ. ಅಳತೆ ಇಲ್ಲದೆ ಅಂಗಡಿಗೆ ಹೋದರೆ ಕಣ್ಣಿಗೆ ಚೆಂದ ಕಂಡದ್ದನ್ನು ತರುತ್ತೇವೆ, ಗೋಡೆಗೆ ಕೂರುವುದನ್ನಲ್ಲ.

ಮೊದಲ ಅಳತೆ ಕಮೋಡಿನದು. ಅದರ ಕೊಳವೆ ನೆಲಕ್ಕೆ ಇಳಿಯುವ ಬಗೆಯದು, ಅಂದರೆ ಎಸ್ ಟ್ರ್ಯಾಪ್. ಹಿಂದಿನ ಗೋಡೆಯಿಂದ ಆ ಕೊಳವೆಯ ನಡುಮಧ್ಯಕ್ಕೆ 230 ಮಿ.ಮೀ. ಇತ್ತು. ಈ ಅಂತರವನ್ನು ಅಳೆಯುವಾಗ ಜನ ಮರೆಯುವ ವಿಷಯ ಒಂದಿದೆ. ಲೆಕ್ಕಕ್ಕೆ ಬರುವುದು ಟೈಲ್ಸ್ ಹಾಕಿದ ಮೇಲಿನ ಗೋಡೆ, ಗಾರೆಯ ಗೋಡೆಯಲ್ಲ. ಖರ್ಚು ಉಳಿಸಲು ಹಳೆ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಅಂಟಿಸೋಣ ಎಂದು ಭಾವ ಹೇಳಿದ್ದರು. ಹಾಗೆ ಮಾಡಿದ್ದರೆ ಅಂಟು, ಟೈಲ್ಸ್ ಸೇರಿ 15 ಮಿ.ಮೀ. ಹೋಗಿ, ಉಳಿಯುತ್ತಿದ್ದದ್ದು 215. ಅಕ್ಕ ಮೊಬೈಲಿನಲ್ಲಿ ಮೆಚ್ಚಿಕೊಂಡಿದ್ದ ಕಮೋಡಿಗೆ 220 ಬೇಕಿತ್ತು. 5 ಮಿ.ಮೀ. ಅಂದರೆ ಏನೂ ಅಲ್ಲ ಅನಿಸುತ್ತದೆ ಅಲ್ವಾ? ಆದರೆ ಅದರ ಟ್ಯಾಂಕ್ ಗೋಡೆಗೆ ತಾಗಿ, ಬುಡ ಕೊಳವೆಯ ಮೇಲೆ ಕೂರುತ್ತಲೇ ಇರಲಿಲ್ಲ. ಆ ಒಂದು ಗೋಡೆಯ ಹಳೆ ಟೈಲ್ಸ್ ಪೂರ್ತಿ ತೆಗೆಸುವುದೆಂದು ಅಲ್ಲೇ ತೀರ್ಮಾನವಾಯಿತು.

ಎರಡನೆಯದು ನೀರಿನ ಒತ್ತಡ. ಆ ಮನೆಗೆ ನೀರು ಮೇಲಿನ ಟ್ಯಾಂಕಿನಿಂದ ತಾನಾಗಿ ಇಳಿದು ಬರುತ್ತದೆ, ಪಂಪ್ ಇಲ್ಲ. ಟ್ಯಾಂಕಿನ ನೀರಿನ ಮಟ್ಟಕ್ಕೂ ಶವರಿಗೂ ನಡುವೆ ಸುಮಾರು 3.5 ಮೀಟರ್. 10 ಮೀಟರ್ ಎತ್ತರದ ನೀರು ಹೆಚ್ಚುಕಡಿಮೆ 1 ಬಾರ್ ಒತ್ತಡ ಕೊಡುತ್ತದೆ. ಹಾಗಾದರೆ ಇಲ್ಲಿ ಸಿಗುವುದು 0.35 ಬಾರ್ ಮಾತ್ರ. ಹಳೆ ಶವರಿನ ಕೆಳಗೆ 10 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿದೆ. ತುಂಬಲು 80 ಸೆಕೆಂಡ್. ಅಂದರೆ ನಿಮಿಷಕ್ಕೆ ಏಳೂವರೆ ಲೀಟರ್. ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟೆ. ಮುಂದೆ ಶವರ್ ಕೊಳ್ಳುವಾಗ ಆ ಹಾಳೆಯನ್ನು ತೆಗೆದು ನೋಡಲಿಲ್ಲ, ಅದರ ಫಲ ಆಮೇಲೆ ಹೇಳುತ್ತೇನೆ.

ಬೇಸಿನ್ನಿನ ಜಾಗ, ಸಿಂಕಿನ ತೂತು, ಬಾಗಿಲು ತೆರೆದಾಗ ಎಲ್ಲಿಗೆ ಬರುತ್ತದೆ, ಇವನ್ನೂ ಅಳೆದೆವು. ಅದು ಹತ್ತು ನಿಮಿಷದ ಕೆಲಸ.

ಮೂರು ಗುಂಪು

ಆಮೇಲೆ ಬೇಕಾದ ಎಲ್ಲಾ ಸಾಮಾನಿನ ಪಟ್ಟಿ ಮಾಡಿ ಮೂರು ಗುಂಪಾಗಿ ಬಿಡಿಸಿದೆವು. ಕೆಟ್ಟರೆ ಗೋಡೆ ಒಡೆಯಬೇಕಾದವು ಒಂದು ಕಡೆ: ಡೈವರ್ಟರಿನ ಬಾಡಿ, ಪೈಪು, ಪೈಪು ತಿರುಗುವ ಕಡೆ ಹಾಕುವ ಎಲ್ಬೋ. ಕೆಟ್ಟರೆ ಪ್ಲಂಬರ್ ಬಂದು ಸ್ಪಾನರ್ ಹಾಕಬೇಕಾದವು ಎರಡನೆಯ ಕಡೆ: ಕಮೋಡ್, ಬೇಸಿನ್, ಬಿಸಿನೀರು ತಣ್ಣೀರು ಬೆರೆಸಿ ಕೊಡುವ ಮಿಕ್ಸರ್ ನಲ್ಲಿ, ಗೋಡೆಯ ಪೈಪಿನ ನೀರು ನಿಲ್ಲಿಸುವ ಆ್ಯಂಗಲ್ ಕಾಕ್, ಬೇಸಿನ್ನಿನ ಕೆಳಗೆ ಕೂತು ವಾಸನೆ ತಡೆಯುವ ಬಾಟಲ್ ಟ್ರ್ಯಾಪ್, ಸಿಂಕಿನ ನಲ್ಲಿ. ನಾವೇ ಕೈಯಲ್ಲಿ ಬಿಚ್ಚಿ ಬದಲಾಯಿಸಬಹುದಾದವು ಉಳಿದದ್ದು: ಶವರಿನ ತಲೆ, ಕನ್ನಡಿ, ಟವೆಲ್ ರಾಡ್, ಸೋಪಿನ ತಟ್ಟೆ.

ಅಕ್ಕ ಪಟ್ಟಿ ನೋಡಿ, “ಜಾಸ್ತಿ ದುಡ್ಡು ಕೊಡೋದು ಕಾಣೋ ಸಾಮಾನಿಗೆ ಅಂದ್ಕೊಂಡಿದ್ದೆ, ನೀನು ಕಾಣದೇ ಇರೋದಕ್ಕೆ ಅಂತೀಯ” ಅಂದಳು. ಹೌದು. ಹೊರಗಿನ ಹೊಳಪು ಹೋದರೆ ಮನಸ್ಸಿಗೆ ಬೇಜಾರು ಅಷ್ಟೇ. ಒಳಗಿನ ಒಂದು ಸೀಲ್ ಹೋದರೆ ಪಕ್ಕದ ಕೋಣೆಯ ಗೋಡೆ ತೇವ ಹಿಡಿದು ಬಣ್ಣ ಉಬ್ಬಿದ ಮೇಲೆಯೇ ನಮಗೆ ಗೊತ್ತಾಗುವುದು.

ಶೋರೂಮು

ಶೋರೂಮಿನ ದೊಡ್ಡ ಅನುಕೂಲ, ಸಾಮಾನನ್ನು ಕೈಯಲ್ಲಿ ಹಿಡಿದು ನೋಡಬಹುದು. ಬೇಸಿನ್ನಿನ ಮೇಲೆ ನಲ್ಲಿ ಇಟ್ಟು ನೋಡಿದಾಗಲೇ ಅದರ ಮೂತಿ ಎಲ್ಲಿಗೆ ಬರುತ್ತದೆ ಅಂತ ತಿಳಿಯುವುದು. ಅಕ್ಕ ಆರಿಸಿದ್ದ ನಲ್ಲಿಯ ಮೂತಿ ಗಿಡ್ಡ. ನೀರು ಬೇಸಿನ್ನಿನ ಹಿಂದಿನ ಇಳಿಜಾರಿಗೇ ಬೀಳುತ್ತಿತ್ತು. ಕೈ ತೊಳೆಯಲು ಹೋದರೆ ಬೆರಳಿನ ಗೆಣ್ಣು ಪಿಂಗಾಣಿಗೆ ತಾಗುತ್ತಿತ್ತು. ಫೋಟೋದಲ್ಲಿ ಇದು ಕಾಣುವುದೇ ಇಲ್ಲ.

ಪಿಂಗಾಣಿ ಸಾಮಾನನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡುವುದೂ ಸುಲಭ. ಬೆರಳ ಗೆಣ್ಣಿನಿಂದ ತಟ್ಟಿದರೆ ಗಂಟೆಯ ಹಾಗೆ ಠಣ್ ಅನ್ನಬೇಕು. ಒಳಗೆ ಸಣ್ಣ ಬಿರುಕಿದ್ದರೆ ದನಿ ಮಂಕಾಗುತ್ತದೆ. ಬೇಸಿನ್ನನ್ನು ಸಮತಟ್ಟಾದ ನೆಲದ ಮೇಲೆ ಬೋರಲು ಹಾಕಿ ಒಂದು ಮೂಲೆ ಒತ್ತಿದರೆ ಅಲುಗಬಾರದು. ನಾವು ನೋಡಿದ ಮೊದಲ ಬೇಸಿನ್ ಅಲುಗಿತು. ಎರಡನೆಯದು ಗಟ್ಟಿಯಾಗಿ ಕೂತಿತು. ಕಮೋಡಿನ ಸೀಟ್ ಕವರಿನ ಬಗ್ಗೆಯೂ ಕೇಳಿದೆವು. ಅದರ ಹಿಂಜು ಮುರಿಯುವುದು ಸಾಮಾನ್ಯ, ಕವರಿನ ಆಕಾರ ಮಾದರಿಗೊಂದು. ಕವರ್ ಬಿಡಿಯಾಗಿ ಸಿಗದ ಕಮೋಡ್ ಬೇಡ ಅಂತ ನಾವು ಮೊದಲೇ ಅಂದುಕೊಂಡಿದ್ದೆವು. ಶೋರೂಮಿನವರು ಕವರಿನ ಕೋಡ್ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟರು. ಕಮೋಡಿನ ಅಳತೆಯ ಚಿತ್ರವನ್ನೂ ಕೊಟ್ಟರು.

ಆದರೆ ಡೈವರ್ಟರಿನ ಮುಂದೆ ನಿಂತು, “ಇದರ ಕಾರ್ಟ್ರಿಡ್ಜ್ ಇದ್ದರೆ ತೋರಿಸ್ತೀರಾ?” ಅಂತ ಕೇಳಿದಾಗ ಅವರ ಬಳಿ ಇರಲಿಲ್ಲ. ಕಂಪನಿಗೆ ದೂರು ಕೊಟ್ಟರೆ ಸರ್ವಿಸಿನವರು ಬರುತ್ತಾರೆ ಅಂದರು. ಅದು ಸುಳ್ಳಲ್ಲ, ಬರುತ್ತಾರೆ. ಆದರೆ ಮಾದರಿ ನಿಂತುಹೋದ ಮೇಲೆ ಬಂದು ಏನು ಮಾಡುತ್ತಾರೆ? ಅಕ್ಕನ ಹಳೆ ಡೈವರ್ಟರಿಗೆ ಆಗಿದ್ದು ಅದೇ.

ಬೇಸಿನ್ ಮತ್ತು ಕಮೋಡನ್ನು ಅಲ್ಲೇ ಕೊಂಡೆವು. ಶೋರೂಮಿನವರ ಸಮಯ ತೆಗೆದುಕೊಂಡು, ಎಲ್ಲಾ ಮುಟ್ಟಿ ನೋಡಿ, ಆಮೇಲೆ ಬೇರೆ ಕಡೆ ಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಆ ಸೇವೆಗೂ ಬೆಲೆ ಇದೆ.

ಸ್ಯಾನಿಟರಿ ಅಂಗಡಿ

ಇಲ್ಲಿ ದೀಪಗಳ ಝಗಮಗ ಇರಲಿಲ್ಲ. ಗೋಡೆಯ ತುಂಬಾ ಧೂಳು ಹಿಡಿದ ಡಬ್ಬಿಗಳು. ಗಲ್ಲಾದ ಹತ್ತಿರ ಇಬ್ಬರು ಪ್ಲಂಬರ್‌ಗಳು ಎಲ್ಬೋ ಎಣಿಸಿಕೊಳ್ಳುತ್ತಿದ್ದರು. ಅದೇ ಪ್ರಶ್ನೆ ಕೇಳಿದೆ. ಅಂಗಡಿಯವರು ಮಾತಾಡಲಿಲ್ಲ. ಹಿಂದಿನ ಡ್ರಾಯರ್ ಎಳೆದು ಎರಡು ಕಾರ್ಟ್ರಿಡ್ಜ್ ತಂದು ಮೇಜಿನ ಮೇಲಿಟ್ಟರು. ಒಂದು 35 ಮಿ.ಮೀ., ಇನ್ನೊಂದು 40. “ಬೇಸಿನ್ ಮಿಕ್ಸರಿಗೆ ಇದು, ಡೈವರ್ಟರಿಗೆ ಇದು. ಇದೇ ಅಳತೆಯದು ಬೇರೆ ಕಂಪನಿಯಲ್ಲೂ ಬರುತ್ತೆ, ಆದ್ರೆ ಕೆಳಗಿನ ಗೂಟ ನೋಡ್ಕೋಬೇಕು” ಅಂದರು. ಒಳಗಿನ ಸೆರಾಮಿಕ್ ಡಿಸ್ಕ್ ತಿರುಗಿಸಿ ತೋರಿಸಿದರು. ಒಂದರ ಮೇಲೊಂದು ಜಾರುವ ಎರಡು ನುಣುಪಾದ ಬಿಲ್ಲೆ. ಅವುಗಳ ನಡುವೆ ಒಂದು ಮರಳಿನ ಕಣ ಸಿಕ್ಕಿದರೆ ಗೀರು ಬಿದ್ದು ನೀರು ಜಿನುಗುತ್ತದೆ. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಇಷ್ಟು ಸಣ್ಣದಕ್ಕಾಗಿ ಅವಳ ಮನೆಯ ಗೋಡೆ ಒಡೆಯಬೇಕಾಗಿ ಬಂದಿತ್ತು.

ಬಾಡಿ ಯಾವ ಲೋಹ ಅಂತಲೂ ಕೇಳಿದೆ. ತೂಕ ನೋಡಿ ಹಿತ್ತಾಳೆ ಅಂತ ಹೇಳುವವರಿದ್ದಾರೆ, ಅದನ್ನೊಂದನ್ನೇ ನಂಬಬಾರದು. ಸತುವಿನ ಮಿಶ್ರಲೋಹದ ಎರಕವೂ ಕೈಗೆ ಭಾರವೇ. ಹಿಡಿಗೆ ಆ ಲೋಹ ಇದ್ದರೆ ತೊಂದರೆಯಿಲ್ಲ, ನೀರು ಹರಿಯುವ ಬಾಡಿಗೆ ಬೇಡ. ಹಿತ್ತಾಳೆಯಲ್ಲೂ ಒಂದು ವ್ಯತ್ಯಾಸ ಇದೆ. ಹಿತ್ತಾಳೆ ಅಂದರೆ ತಾಮ್ರ, ಸತು ಸೇರಿದ ಲೋಹ. ಕೆಲವು ಬಗೆಯ ನೀರಿಗೆ ಸತು ಮೆಲ್ಲಗೆ ಕರಗಿಹೋಗಿ, ತೂತುತೂತಾದ ದುರ್ಬಲ ತಾಮ್ರ ಉಳಿಯುತ್ತದೆ. ಇದನ್ನು ತಡೆದುಕೊಳ್ಳುವ ಹಿತ್ತಾಳೆಯನ್ನು ಡಿ.ಝಡ್.ಆರ್. ಅನ್ನುತ್ತಾರೆ. ಗೋಡೆಯೊಳಗೆ ಹೋಗುವ ಬಾಡಿಗೆ ಅದೇ ಇರಲಿ ಎಂದು ಹಟ ಹಿಡಿದೆ, ಡಬ್ಬಿಯ ಮೇಲೆ ಹಾಗೆ ಅಚ್ಚಾಗಿದ್ದದ್ದನ್ನೇ ತೆಗೆದುಕೊಂಡೆವು.

ಸಿಂಕಿನ ನಲ್ಲಿಗೆ ಇನ್ನೊಂದು ಎಚ್ಚರ ಬೇಕಿತ್ತು, ಆ ನೀರನ್ನು ಕುಡಿಯುತ್ತೇವೆ. ಹಿತ್ತಾಳೆಯನ್ನು ಕೊರೆಯಲು ಸುಲಭವಾಗಲಿ ಅಂತ ಅದಕ್ಕೆ ಸ್ವಲ್ಪ ಸೀಸ ಸೇರಿಸುವುದುಂಟು. ಅಮೆರಿಕದಲ್ಲಿ 2014ರಿಂದ, ಕುಡಿಯುವ ನೀರು ತಾಗುವ ಭಾಗಗಳಲ್ಲಿ ಸೀಸ ಸರಾಸರಿ 0.25 ಶೇಕಡಾ ಮೀರಬಾರದು ಅಂತ ಕಾನೂನೇ ಇದೆ. ಕುಡಿಯುವ ನೀರಿಗೆ ಯೋಗ್ಯ ಅಂತ ಪರೀಕ್ಷೆಯಾದ ಗುರುತು ಡಬ್ಬಿಯ ಮೇಲೆ ಇದೆಯೇ ನೋಡಿ ಕೊಂಡೆವು. ಮಕ್ಕಳಿರುವ ಮನೆಯಲ್ಲಿ ಈ ಒಂದು ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಡೈವರ್ಟರಿನ ಬಾಡಿಯನ್ನೂ ಹೊರಗೆ ಕಾಣುವ ಪ್ಲೇಟು, ಹಿಡಿಯನ್ನೂ ಒಂದೇ ದಿನ, ಒಂದೇ ಬಿಲ್ಲಿನಲ್ಲಿ ತೆಗೆದುಕೊಂಡೆವು. ಬಾಡಿ ಈಗ, ಹಿಡಿ ಕೊನೆಗೆ ಅಂತ ಎಷ್ಟೋ ಜನ ಮಾಡುತ್ತಾರೆ, ಯಾಕೆಂದರೆ ಹಿಡಿ ಬೇಕಾಗುವುದು ಟೈಲ್ಸ್ ಮುಗಿದ ಮೇಲೆ. ಅಷ್ಟರಲ್ಲಿ ಮಾದರಿ ಬದಲಾದರೆ ಗೋಡೆಯೊಳಗಿನ ಬಾಡಿಗೆ ಹೊರಗಿನದು ಕೂರುವುದಿಲ್ಲ.

ಆನ್‌ಲೈನು

ಭಾವ ರಾತ್ರಿ ಕೂತು ಲೆಕ್ಕ ಹಾಕಿದ್ದರು. ಅದೇ ಡೈವರ್ಟರ್ ಆನ್‌ಲೈನಿನಲ್ಲಿ ಸುಮಾರು ಕಾಲು ಭಾಗ ಅಗ್ಗ. ಸಣ್ಣ ಉಳಿತಾಯವಲ್ಲ. ಅವರ ಮಾತನ್ನು ತಳ್ಳಿಹಾಕದೆ ಜೊತೆಯಲ್ಲೇ ಕೂತು ನೋಡಿದೆ.

ಮೊದಲು ಕಂಡದ್ದು ಮಾದರಿಯ ನಂಬರ್. ಅಂಗಡಿಯ ಡಬ್ಬಿಯ ಮೇಲಿನದಕ್ಕೂ ಇದಕ್ಕೂ ಕೊನೆಯ ಒಂದು ಅಕ್ಷರ ಬೇರೆ. ಹುಡುಕಿ ನೋಡಿದರೆ ಅದು ಹೊರಗಿನ ಪ್ಲೇಟು, ಹಿಡಿ ಮಾತ್ರ. ಬಾಡಿ ಬೇರೆಯಾಗಿ ಕೊಳ್ಳಬೇಕು. ಎರಡೂ ಸೇರಿದಾಗ ಕಾಲು ಭಾಗದ ಉಳಿತಾಯ ಬಹುತೇಕ ಕರಗಿಹೋಯಿತು. ಗ್ಯಾರಂಟಿಯ ಸಣ್ಣಕ್ಷರದಲ್ಲಿ, ಕಂಪನಿ ಒಪ್ಪಿದ ಮಾರಾಟಗಾರರ ಬಿಲ್ ಇದ್ದರೆ ಮಾತ್ರ ಅಂತ ಇತ್ತು. ಈ ಮಾರಾಟಗಾರರ ಹೆಸರು ಕಂಪನಿಯ ಪಟ್ಟಿಯಲ್ಲಿ ಸಿಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ವಾಪಸ್ ಕೊಡುವ ಅವಧಿ. ಸಾಮಾನು ಮನೆಗೆ ಬಂದ ದಿನದಿಂದ 10 ದಿನ. ನಮ್ಮ ಕೆಲಸಕ್ಕೆ ಬೇಕಿದ್ದದ್ದು ಆರು ವಾರ. ಒಡೆಯುವುದು, ಪೈಪು, ಗಾರೆ, ಟೈಲ್ಸ್, ಅದು ಒಣಗುವುದು, ಆಮೇಲೆ ನಲ್ಲಿ. ನೀರು ಬಿಟ್ಟು ನೋಡುವ ಹೊತ್ತಿಗೆ ವಾಪಸಾತಿಯ ಬಾಗಿಲು ಮುಚ್ಚಿ ಒಂದು ತಿಂಗಳಾಗಿರುತ್ತದೆ. ಬಟ್ಟೆಗೋ ಪುಸ್ತಕಕ್ಕೋ 10 ದಿನ ಸಾಕು. ಕಟ್ಟಡದ ಸಾಮಾನಿಗೆ ಅದು ಇಲ್ಲದ ಹಾಗೆಯೇ.

ಭಾವ ಮೆಚ್ಚಿದ್ದ ಒಂದು ಶವರ್ ತೋಳು ಕೂಡ ಕೈಬಿಡಬೇಕಾಯಿತು. ಅರ್ಧ ಇಂಚು ಅಂತ ದೊಡ್ಡದಾಗಿ ಬರೆದಿತ್ತು. ಕೆಳಗೆ ನೋಡಿದರೆ ಎನ್.ಪಿ.ಟಿ. ನಮ್ಮ ಗೋಡೆಯ ಎಲ್ಬೋ ಬಿ.ಎಸ್.ಪಿ. ಪೈಪಿನ ತುದಿಯ ತಿರುಪು ಸುತ್ತಿನಲ್ಲಿ ಈ ಎರಡು ಬಗೆಗಳೂ ಜಗತ್ತಿನಲ್ಲಿ ಬಳಕೆಯಲ್ಲಿವೆ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತೇ. ಆದರೆ ಬಿ.ಎಸ್.ಪಿ.ಯ ಹಲ್ಲಿನ ಕೋನ 55 ಡಿಗ್ರಿ, ಎನ್.ಪಿ.ಟಿ.ಯದು 60. ಅದಕ್ಕೇ ಮೋಸ ಹೋಗುವುದು. ಒಂದೆರಡು ಸುತ್ತು ಸಲೀಸಾಗಿ ಹತ್ತುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ಬಲವಂತ ಮಾಡಿದರೆ ಕೂತಂತೆ ಕಾಣುತ್ತದೆ, ಸೋರುವುದು ಗೋಡೆಯ ಒಳಗೆ.

ಕನ್ನಡಿ, ಟವೆಲ್ ರಾಡ್, ಸೋಪಿನ ತಟ್ಟೆ, ಶವರಿನ ತಲೆ, ಅಂದರೆ ಮೂರನೆಯ ಗುಂಪಿನ ಎಲ್ಲವನ್ನೂ ಆನ್‌ಲೈನಿನಲ್ಲೇ ತರಿಸಿದೆವು.

ಪ್ಲಂಬರಿನ ಮಾತು

ಪೈಪು, ಎಲ್ಬೋ, ಆ್ಯಂಗಲ್ ಕಾಕ್, ಕನೆಕ್ಷನ್ ಪೈಪು, ಟ್ರ್ಯಾಪ್ ಎಲ್ಲ ತಾನೇ ತರುತ್ತೇನೆ ಅಂತ ಪ್ಲಂಬರ್ ಮೊದಲೇ ಹೇಳಿದ್ದ. ಭಾವನಿಗೆ ಅನುಮಾನ. ಅಂಗಡಿಯಿಂದ ಅವನಿಗೆ ಕಮಿಷನ್ ಬರುತ್ತದಲ್ಲ ಅಂತ. ಬರುತ್ತದೆ. ಅದನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿದ. “ನಾನು ತಂದ ಸಾಮಾನು ಸೋರಿದ್ರೆ ಸಾಮಾನೂ ನಂದೇ, ಕೂಲೀನೂ ನಂದೇ ಅಣ್ಣ. ನೀವು ತಂದಿದ್ದು ಸೋರಿದ್ರೆ ಬಿಚ್ಚಿ ಕಟ್ಟೋಕೆ ಮತ್ತೆ ಕೂಲಿ ಆಗುತ್ತೆ. ಅದನ್ನ ಈಗ್ಲೇ ಹೇಳ್ಬಿಡ್ತೀನಿ.”

ನನಗೆ ಈ ಮಾತು ಬಹಳ ನ್ಯಾಯವಾಗಿ ಕಂಡಿತು. ಒಂದು ಜಾಯಿಂಟ್ ಸೋರಿದಾಗ ಸಾಮಾನಿನ ತಪ್ಪೋ ಕೈಯ ತಪ್ಪೋ ಅಂತ ಎಳೆದಾಡುವುದರಲ್ಲೇ ಎಷ್ಟೋ ಮನೆಗಳಲ್ಲಿ ವಾರಗಟ್ಟಲೆ ಕೆಲಸ ನಿಂತಿದ್ದನ್ನು ಕಂಡಿದ್ದೇನೆ. ಅವನು ಪಡೆಯುವ ಆ ಸ್ವಲ್ಪ ಹೆಚ್ಚಿನ ಹಣ ಹೊಣೆಯ ಬೆಲೆ. ಯಾವ ಸಾಮಾನಿಗೆ ಯಾರು ಹೊಣೆ ಅಂತ ಒಂದು ಹಾಳೆಯಲ್ಲಿ ಬರೆದು ಭಾವ, ಪ್ಲಂಬರ್ ಇಬ್ಬರೂ ಸಹಿ ಹಾಕಿದರು.

ಕೆಲಸ ನಡೆದಾಗ

ಡೈವರ್ಟರಿನ ಬಾಡಿಗೆ ಒಂದು ಪ್ಲಾಸ್ಟಿಕ್ ಮುಚ್ಚಳ ಬರುತ್ತದೆ. ಅದರ ಮೇಲೆ ಎರಡು ಗೆರೆ. ಟೈಲ್ಸಿನ ಮುಖ ಆ ಎರಡು ಗೆರೆಗಳ ನಡುವೆಯೇ ಬಂದು ನಿಲ್ಲಬೇಕು. ತೀರಾ ಒಳಗಾದರೆ ಹಿಡಿ ಎಟುಕುವುದಿಲ್ಲ, ತೀರಾ ಹೊರಗಾದರೆ ಪ್ಲೇಟು ಗೋಡೆಗೆ ಕೂರುವುದಿಲ್ಲ. ಗಾರೆ, ಅಂಟು, ಟೈಲ್ಸ್ ಸೇರಿ ಎಷ್ಟು ದಪ್ಪ ಬರುತ್ತದೆ ಎಂದು ಗಾರೆಯವನನ್ನು ಕೇಳಿ, ಒಂದು ತುಂಡು ಟೈಲ್ಸನ್ನೇ ಗೋಡೆಗೆ ಹಿಡಿದು ಬಾಡಿ ಕೂರಿಸಿದರು. ಸಾಮಾನು ಕೈಯಲ್ಲಿ ಇದ್ದದ್ದಕ್ಕೆ ಇದು ಸಾಧ್ಯವಾಯಿತು.

ಟೈಲ್ಸ್ ಹಾಕುವ ಮೊದಲು ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಮಾಮೂಲಿ ಒತ್ತಡಕ್ಕಿಂತ ಹೆಚ್ಚು ಒತ್ತಡ ಹಾಕಿ ಬಿಟ್ಟರು. ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು. ಟಾರ್ಚ್ ಹಿಡಿದು ನೋಡಿದರೆ ಡೈವರ್ಟರಿನ ಮೇಲಿನ ಜಾಯಿಂಟಿನಲ್ಲಿ ಒಂದು ಹನಿ, ಸಾಸಿವೆ ಕಾಳಿನಷ್ಟು. ಐದು ನಿಮಿಷಕ್ಕೊಮ್ಮೆ ದಪ್ಪವಾಗಿ ಬೀಳುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿದ. ಮುಳ್ಳು ನಿಂತಿತು. ಪ್ಲಂಬರ್ ಆ ದಿನದ ಕೂಲಿ ಹೆಚ್ಚು ಕೇಳಲಿಲ್ಲ.

ಶವರಿನ ತಪ್ಪು

ಆರನೆಯ ವಾರ ಶವರಿನ ತಲೆಯ ಡಬ್ಬಿ ಬಿಚ್ಚಿದೆವು. 300 ಮಿ.ಮೀ. ಅಗಲದ ಚೆಂದದ ತಟ್ಟೆ. ಹಾಕಿ ನೀರು ಬಿಟ್ಟರೆ ನಡುವಿನಿಂದ ನಾಲ್ಕಾರು ಎಳೆ ಇಳಿಯಿತು, ಅಂಚಿನಿಂದ ಹನಿ ಹನಿ. ಅಕ್ಕ ಏನೂ ಹೇಳದೆ ನನ್ನ ಮುಖ ನೋಡಿದಳು. ಡಬ್ಬಿಯೊಳಗಿನ ಚೀಟಿಯಲ್ಲಿ ಕನಿಷ್ಠ 1 ಬಾರ್ ಅಂತ ಅಚ್ಚಾಗಿತ್ತು. ನನ್ನ ಹಾಳೆಯಲ್ಲಿ 0.35 ಅಂತ ನನ್ನ ಕೈಬರಹದಲ್ಲೇ ಇತ್ತು. ಮೂರನೆಯ ಗುಂಪು ಅಂತ ನಾನು ಅದನ್ನು ಹಗುರವಾಗಿ ತೆಗೆದುಕೊಂಡಿದ್ದೆ. ಆರ್ಡರ್ ಮಾಡುವ ಮೊದಲು ಆ ಒಂದು ಸಾಲು ನೋಡಬೇಕಿತ್ತು, ನೋಡಲಿಲ್ಲ. ಬಂದ ದಿನವೇ ಡಬ್ಬಿ ತೆರೆದಿದ್ದರೂ ವಾಪಸ್ ಕೊಡಬಹುದಿತ್ತು. ತಪ್ಪು ಪೂರ್ತಿ ನನ್ನದೇ, ಅದನ್ನು ಅಕ್ಕನಿಗೆ ಹೇಳಿ, ಬದಲಿ ಶವರ್ ನಾನೇ ತಂದುಕೊಟ್ಟೆ. ಕಡಿಮೆ ಒತ್ತಡಕ್ಕೆ ಆಗುವ, 100 ಮಿ.ಮೀ.ನದು. ಅದೇ ಬಕೆಟ್ ಇಟ್ಟು ನೋಡಿದೆ. 75 ಸೆಕೆಂಡ್.

ಗುಂಪು ಮಾಡಿದ್ದು ಸರಿಯಿದ್ದದ್ದಕ್ಕೆ ಇದು ಕೈಯಲ್ಲೇ ತಿರುಗಿಸಿ ತೆಗೆಯುವ ಸಾಮಾನಾಗಿತ್ತು. ಹತ್ತು ನಿಮಿಷದಲ್ಲಿ ಮುಗಿಯಿತು. ಇದೇ ಮರೆವು ಡೈವರ್ಟರಿನಲ್ಲಿ ಆಗಿದ್ದರೆ ಹೊಸ ಟೈಲ್ಸ್ ಒಡೆಯಬೇಕಿತ್ತು.

14 ತಿಂಗಳ ನಂತರ

ಕಳೆದ ತಿಂಗಳು ಅಕ್ಕ ಫೋನ್ ಮಾಡಿದಳು. ಬೇಸಿನ್ ಮಿಕ್ಸರ್ ಜಿನುಗುತ್ತಿತ್ತು. ನಾನು ಹೋಗಿ ಬಿಚ್ಚಿದೆ. ಟ್ಯಾಂಕ್ ತೊಳೆಸಿದ ಮೇಲೆ ಬಂದ ಸಣ್ಣ ಮರಳು ಸೆರಾಮಿಕ್ ಬಿಲ್ಲೆಗೆ ಗೀರು ಹಾಕಿತ್ತು. ಆ ಕಾರ್ಟ್ರಿಡ್ಜನ್ನು ಕಿಸೆಯಲ್ಲಿ ಹಾಕಿಕೊಂಡು ಅದೇ ಸ್ಯಾನಿಟರಿ ಅಂಗಡಿಗೆ ಹೋದೆ. ಅದೇ ಡ್ರಾಯರ್, ಅದೇ 35 ಮಿ.ಮೀ. ಸಂಜೆಯೊಳಗೆ ನಲ್ಲಿ ಸರಿಯಾಯಿತು.

ವಾಪಸ್ ಬರುವಾಗ ಡೈವರ್ಟರಿನ ಕಾರ್ಟ್ರಿಡ್ಜ್ ಕೂಡ ಒಂದು ತಂದಿದ್ದೆ. ಅಕ್ಕ ಅದನ್ನು ಬಿಲ್ಲಿನ ಜೊತೆ ಒಂದು ಕವರಿಗೆ ಹಾಕಿ, ಮೇಲೆ ಮಾದರಿಯ ನಂಬರ್ ಬರೆದು, ಸಿಂಕಿನ ಕೆಳಗಿನ ಕಪಾಟಿನ ಒಳಬಾಗಿಲಿಗೆ ಅಂಟಿಸಿದಳು. ಕೊನೆಯ ಅಕ್ಷರ ಸರಿಯಿದೆಯೇ ಅಂತ ಭಾವ ಇನ್ನೊಮ್ಮೆ ಡಬ್ಬಿ ತೆಗೆದು ನೋಡಿದರು.